ಅಣ್ಣತಮ್ಮ, ಅನ್ನದಮ್ಮುಲು: ಸಮಾಸಪದದ ಬೆಸುಗೆಯಲ್ಲಿ ಉಚ್ಚಾರಾಂಶ ಮತ್ತು ಒತ್ತು

ಧ್ವನಿ ಎಲ್ಲರಿಗೂ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೇನೆ. ನಡುವೆ ಕಡಿದರೆ ದಯವಿಟ್ಟು ಹೇಳಿ. ನಾನು ಮೊಗುಡಂಪಲ್ಲಿಯಲ್ಲಿ ಕೂತು ಮಾತಾಡ್ತಿದ್ದೇನೆ, ಸಂಜೆ ಹೊತ್ತು ಇಲ್ಲಿ ನೆಟ್‌ವರ್ಕಿನ ಭರವಸೆ ಇಲ್ಲ.

ಹೋದ ಗೋಷ್ಠಿಯಲ್ಲಿ ನಾರ್ವೇಜಿಯನ್ ಭಾಷೆಯ ಸಮಾಸಪದಗಳ ಬಗ್ಗೆ ಚರ್ಚೆ ನಡೆಯಿತು. ಅದರಲ್ಲಿ ಬಂದ ಒಂದು ಉದಾಹರಣೆ ನನ್ನ ತಲೆಯಿಂದ ಹೋಗಿಲ್ಲ. 'ಲಮ್ಮೆಲೋರ್' ಅಂತ ಒಂದೇ ಪದವಾಗಿ, ಮೊದಲ ಭಾಗದ ಮೇಲೆ ಒತ್ತು ಹಾಕಿ ಹೇಳಿದರೆ ಕುರಿಮರಿಯ ತೊಡೆಮಾಂಸ. ಅದನ್ನೇ 'ಲಮ್ಮೆ ಲೋರ್' ಅಂತ ಬಿಡಿಸಿ, ಎರಡೂ ಪದಕ್ಕೆ ಒತ್ತು ಕೊಟ್ಟರೆ ಸ್ವಾಧೀನ ತಪ್ಪಿದ ತೊಡೆಗಳು. ಧ್ವನಿಗಳು ಅವೇ, ಒತ್ತು ಮಾತ್ರ ಬೇರೆ. ಹಾಗಾಗಿ ಬರೆಯುವಾಗಲೂ ಅಲ್ಲಿ ಸಮಾಸವನ್ನು ಕೂಡಿಸಿಯೇ ಬರೀಬೇಕು. ಬಿಡಿಸಿ ಬರೆದರೆ ನಗೆಪಾಟಲು. ಆಗ ಒಬ್ಬರು ಕೇಳಿದ್ರು: "ಕನ್ನಡದಲ್ಲಿ ಒತ್ತೇ ಇಲ್ಲವಲ್ಲ, ನಮಗೆ ಸಮಾಸ ಅಂತ ಕಿವಿಗೆ ಹೇಗೆ ಗೊತ್ತಾಗುತ್ತೆ?" ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಇದು. ಉದಾಹರಣೆಗಳು ಹೆಚ್ಚಾಗಿ ನಮ್ಮ ಕಡೆಯವು. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲು ಜಾಗದ ವಿಷಯ ಎರಡು ಮಾತು. ಜಹೀರಾಬಾದ್ ಮತ್ತು ನಾರಾಯಣಖೇಡ 1956ರ ತನಕ ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯದು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಇವು ಮೂರೂ ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣ. ಮೊಗುಡಂಪಲ್ಲಿ ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ನಮ್ಮಂಥ ಮನೆಗಳಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು. ಒಂದೇ ದಿನದಲ್ಲಿ ಮೂರು ರೀತಿಯ ಸಮಾಸಗಳು ಕಿವಿಗೆ ಬೀಳ್ತವೆ.

ಈಗ ವಿಷಯಕ್ಕೆ. 'ಒತ್ತು' ಅನ್ನೋ ಪದದಿಂದಲೇ ಗೊಂದಲ ಶುರುವಾಗುತ್ತೆ. ಒತ್ತಕ್ಷರದ ಒತ್ತು ಬೇರೆ, ಉಚ್ಚಾರಣೆಯಲ್ಲಿ ಒಂದು ಭಾಗಕ್ಕೆ ಬೀಳುವ ಭಾರ ಬೇರೆ. ಇಲ್ಲಿ ನಾನು ಒತ್ತು ಅಂದರೆ ಭಾರ ಅಂತಲೇ ತಿಳ್ಕೊಳ್ಳಿ. ಹಾಗೆಯೇ ಅಕ್ಷರ ಬೇರೆ, ಉಚ್ಚಾರಾಂಶ ಬೇರೆ. 'ಪಲ್ಲಿ' ಬರೆಯುವಾಗ ಪ, ಲ್ಲಿ. ಹೇಳುವಾಗ ಪಲ್, ಲಿ. ಲಿಪಿಯು ವ್ಯಂಜನಗಳನ್ನೆಲ್ಲ ಮುಂದಿನ ಸ್ವರದ ಕಡೆಗೆ ತಳ್ಳುತ್ತೆ, ಬಾಯಿ ಮೊದಲನೆಯದನ್ನು ಹಿಂದಿನ ಸ್ವರಕ್ಕೆ ಬಿಟ್ಟುಕೊಡುತ್ತೆ. ಛಂದಸ್ಸಿನವರಿಗೆ ಇದು ಹಳೇ ಸಂಗತಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನೋ ನಿಯಮ ನಿಂತಿರೋದೇ ಇದರ ಮೇಲೆ.

ಆ ನಿಯಮ ಸಮಾಸದ ಸುಳಿವನ್ನೂ ಕೊಡುತ್ತೆ. 'ಪದಪ್ರಯೋಗ' ಅಂತ ಸಮಾಸವಾದರೆ ಛಂದಸ್ಸಿನಲ್ಲಿ ಪ, ದಪ್, ರ, ಯೋ, ಗ. ಎರಡನೆಯ ಅಕ್ಷರ ಗುರು. 'ಪದ ಪ್ರಯೋಗಿಸಿದ' ಅಂತ ಬಿಡಿ ಪದಗಳಾದರೆ ಆ 'ದ' ಲಘುವಾಗಿಯೇ ಉಳಿಯಬಹುದು. ಅಂದರೆ ಸಮಾಸವಾದ ಕೂಡಲೇ ಎರಡನೇ ಪದದ ಮೊದಲ ವ್ಯಂಜನ ಮನೆ ಬಿಟ್ಟು ಹಿಂದಿನ ಪದದೊಳಗೆ ಹೋಗಿ ಕೂತ್ಕೊಳ್ಳುತ್ತೆ. ಸಂಧಿಯಾದರೆ ಇದು ಇನ್ನೂ ಢಾಳಾಗಿ ಕಾಣುತ್ತೆ. 'ಒತ್ತಕ್ಷರ' ಪದವನ್ನೇ ನೋಡಿ: ಒತ್ತು, ಅಕ್ಷರ. ಆದರೆ ಉಚ್ಚಾರಾಂಶಗಳು ಒತ್, ತಕ್, ಷ, ರ. ನಡುವಿನ 'ತಕ್' ಇದೆಯಲ್ಲ, ಅದರ ತಲೆ ಮೊದಲ ಪದದ್ದು, ಮುಂಡ ಎರಡನೇ ಪದದ್ದು. ನಮ್ಮ ಜಹೀರಾಬಾದ್ ಕೂಡ ಹಾಗೇ. ಜಹೀರ್, ಆಬಾದ್ ಅಂತ ಪದ ಒಡೆಯುತ್ತೆ. ಬಾಯಿ ಒಡೆಯೋದು ಜ, ಹೀ, ರಾ, ಬಾದ್ ಅಂತ. ನಾರ್ವೇಜಿಯನ್ನಿನಲ್ಲಿ ಶಿಶುವಿಹಾರಕ್ಕೆ 'ಬಾರ್ನೆಹಾಗೆ' ಅಂತಾರೆ. ಗೆರೆಯ ಕೊನೆಯಲ್ಲಿ ಅದನ್ನು ಮುರಿಯಬೇಕಾದರೆ ಬಾರ್ನೆ, ಹಾಗೆ ಅಂತ ಬೆಸುಗೆಯಲ್ಲೇ ಮುರೀತಾರೆ, ಒಳಗಿನ ಗೋಡೆ ಹಾಗೇ ನಿಂತಿರುತ್ತೆ. ನಾವು ಗೋಡೆ ಕೆಡವಿ ಮನೆ ಕಟ್ಟುವವರು.

ಗೋಡೆ ಇಲ್ಲ, ಒತ್ತೂ ಇಲ್ಲ ಅಂದ್ರೆ ಗುರುತು ಎಲ್ಲಿದೆ?

ಒತ್ತು ಯಾಕಿಲ್ಲ ಅನ್ನೋದಕ್ಕೆ ಒಂದು ಕಾರಣ ನನಗೆ ಸರಿ ಅನಿಸುತ್ತೆ. ಒತ್ತನ್ನು ಕಿವಿಗೆ ಮುಟ್ಟಿಸುವ ದೊಡ್ಡ ಸಾಧನ ಉದ್ದ, ಅಂದರೆ ಒತ್ತು ಬಿದ್ದ ಭಾಗವನ್ನು ಎಳೆಯೋದು. ನಾರ್ವೇಜಿಯನ್ನಿನಲ್ಲಿ ಉದ್ದ ಒತ್ತಿನ ಆಳು. ಒತ್ತು ಬಿದ್ದಲ್ಲಿ ಸ್ವರ ಉದ್ದವಾಗಬೇಕು, ಇಲ್ಲಾ ವ್ಯಂಜನ ಉದ್ದವಾಗಬೇಕು. 'ಟಾಕ್' ಅಂದರೆ ಸೂರು, 'ಟಕ್' ಅಂದರೆ ಧನ್ಯವಾದ. ಕನ್ನಡದಲ್ಲಿ ಉದ್ದ ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಬಳಿ, ಬಾಳಿ, ಕತೆ, ಕತ್ತೆ. ಭಾರ ತೋರಿಸೋಣ ಅಂತ 'ಕತೆ'ಯನ್ನು ಅದುಮಿ ಹೇಳಿದರೆ ಅದು ಕತ್ತೆಯಾಗುವ ಅಪಾಯ ಇದೆ. ಹಾಗಾಗಿ ಒತ್ತಿಗೆ ನಮ್ಮಲ್ಲಿ ಓಡಾಡಲು ಜಾಗ ಕಮ್ಮಿ. ಪದದ ಮೊದಲಲ್ಲಿ ಸಣ್ಣಗೆ ಕೂತಿರುತ್ತೆ, ಅರ್ಥ ಬದಲಿಸುವ ಅಧಿಕಾರ ಅದಕ್ಕಿಲ್ಲ.

ಆದರೆ 'ಲಮ್ಮೆಲೋರ್' ಥರದ ಜೋಡಿ ನಮ್ಮಲ್ಲಿ ಇಲ್ಲ ಅಂತಲ್ಲ. 'ಹೊಸ ಕನ್ನಡ ಪುಸ್ತಕ' ಅಂದರೆ ಮೊನ್ನೆ ಅಂಗಡಿಗೆ ಬಂದದ್ದು. 'ಹೊಸಗನ್ನಡ ಪುಸ್ತಕ' ಅಂದರೆ ಭಾಷೆಯ ಒಂದು ಅವಸ್ಥೆಗೆ ಸೇರಿದ್ದು, ನೂರು ವರ್ಷ ಹಳೆಯದೂ ಇರಬಹುದು. ನಾರ್ವೆಯವರಿಗೆ ಒತ್ತು ಮಾಡುವ ಕೆಲಸವನ್ನು ಇಲ್ಲಿ ಒಂದು ವ್ಯಂಜನ ಮಾಡ್ತಿದೆ. ಕ ಹೋಗಿ ಗ. ನಮ್ಮ ಆದೇಶ ಸಂಧಿ ಅಂದ್ರೆ ಇದೇ: ಎರಡನೇ ಪದದ ಮೊದಲಿನ ಕ, ತ, ಪ ಗಳು ಗ, ದ, ಬ ಆಗೋದು. ಮಳೆಗಾಲ, ಹೂದೋಟ, ಕಂಬನಿ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಇದರ ಲೆಕ್ಕ ಇಟ್ಟಿದ್ದಾನೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಸಿದರೇ ಹೊರತು, ಇದು ಏನು ಕೆಲಸ ಮಾಡುತ್ತೆ ಅಂತ ನನಗಂತೂ ಯಾರೂ ಹೇಳಲಿಲ್ಲ. ಇದು ಮಾಡೋದು ಇಷ್ಟು: "ನಾನು ಪದದ ಮೊದಲಲ್ಲಿ ಇಲ್ಲ, ನಡುವೆ ಇದ್ದೇನೆ" ಅಂತ ಕೇಳುಗನಿಗೆ ಹೇಳೋದು. ಸ್ವರಗಳ ನಡುವೆ, ಅನುಸ್ವಾರದ ಪಕ್ಕ ವ್ಯಂಜನ ಮೆತ್ತಗಾಗೋದು ಪದದ ಒಳಗೆ ನಡೆಯೋ ಘಟನೆ. ಅದು ನಡೆದಿದೆ ಅಂದ್ರೆ ಎರಡು ಪದ ಒಂದಾಗಿವೆ ಅಂತಲೇ.

ಒಂದು ಚಿಕ್ಕ ಅಡ್ಡಮಾತು. ಈ ಬೆಸುಗೆ ಎಷ್ಟು ಗಟ್ಟಿ ಅಂದ್ರೆ ಹಳೇ ವ್ಯಂಜನವನ್ನೇ ಒಳಗೆ ಕಾಪಾಡಿ ಇಟ್ಕೊಳ್ಳುತ್ತೆ. ಪನಿ ಹನಿಯಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಆದರೆ ಸಮಾಸದ ಒಳಗಿದ್ದ ಪ ಆಗಲೇ ಬ ಆಗಿ ತಪ್ಪಿಸಿಕೊಂಡಿತ್ತು, ಹಾಗಾಗಿ ಕಂಬನಿ, ಹೆಬ್ಬುಲಿ. ತೆಲುಗಿನಲ್ಲಿ ಪ ಹಕಾರ ಆಗಲೇ ಇಲ್ಲ, ಆದ್ದರಿಂದ ನಾವು ಮೊಗುಡಂಪಲ್ಲಿ, ನೀವು ಬೊಮ್ಮನಹಳ್ಳಿ. ಹಕಾರ ಬಂದ ಕಡೆ ಗೋಡೆ ಇನ್ನೂ ಬೇಗ ಕುಸಿಯುತ್ತೆ. ಅವಸರದಲ್ಲಿ ಹೇಳಿ ನೋಡಿ, ಬೊಮ್ನಳ್ಳಿ ಆಗುತ್ತೆ. ಪಲ್ಲಿಯ ಪಕಾರ ಅಷ್ಟು ಸುಲಭಕ್ಕೆ ಜಾಗ ಬಿಡೋದಿಲ್ಲ.

ಈಗ ಶೀರ್ಷಿಕೆಯ ಪದಗಳಿಗೆ ಬರ್ತೇನೆ. ಇದು ನನಗೆ ಬರೀ ವ್ಯಾಕರಣದ ಸಂಗತಿ ಅಲ್ಲ.

ನಾಲ್ಕನೇ ತರಗತಿಯಲ್ಲೋ ಐದರಲ್ಲೋ ಇದ್ದಾಗ ತೆಲುಗು ಪ್ರಬಂಧದಲ್ಲಿ 'ಅನ್ನತಮ್ಮುಲು' ಅಂತ ಬರೆದಿದ್ದೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ಅನ್ನದಮ್ಮುಲು' ಅಂತ ಹತ್ತು ಸಲ ಬರೆಸಿದರು. ಹುಡುಗ ಕನ್ನಡದವನು, ತೆಲುಗು ಸರಿಯಾಗಿ ಬರಲ್ಲ ಅಂತ ಮಾತು. ಪಾಠ ಚೆನ್ನಾಗಿಯೇ ನೆಟ್ಟಿತು. ಅದೇ ವರ್ಷ ಬೀದರ್ ಕಡೆಯ ನೆಂಟರೂರಿನಲ್ಲಿ ರಾಜ್ಯೋತ್ಸವದ ಭಾಷಣಕ್ಕೆ ನಿಲ್ಲಿಸಿದರು. ನಾನು ಹುರುಪಿನಿಂದ 'ನಾವೆಲ್ಲ ಅಣ್ಣದಮ್ಮರು' ಅಂದೆ. ಮುಂದಿನ ಸಾಲಿನವರು ನಕ್ಕರು. "ತೆಲುಗರ ಹುಡುಗ, ಪಾಪ" ಅಂದದ್ದು ವೇದಿಕೆ ತನಕ ಕೇಳಿಸಿತು. ಎರಡೂ ಕಡೆ ತಪ್ಪಿದವನು ನಾನೇ ಅಂತ ಎಷ್ಟೋ ವರ್ಷ ನಂಬಿದ್ದೆ.

ಅಲ್ಲಿ ಆದದ್ದೇನು? ಎರಡು ಭಾಷೆಯಲ್ಲೂ ಕ, ತ, ಪ ಗಳನ್ನು ಮೆತ್ತಗೆ ಮಾಡುವ ನಿಯಮ ಇದೆ. ತೆಲುಗಿನವರು ಅದಕ್ಕೆ ಗಸಡದವಾದೇಶ ಅಂತಾರೆ, ಅದು ಕ, ಚ, ಟ, ತ, ಪ ಐದಕ್ಕೂ ಅನ್ವಯ. ಆದರೆ ಅದು ಎಲ್ಲಿ ನಡೆಯುತ್ತೆ ಅನ್ನೋದರಲ್ಲಿ ಎರಡೂ ಭಾಷೆ ಬೇರೆ ದಾರಿ ಹಿಡಿದಿವೆ. ತೆಲುಗು ವ್ಯಾಕರಣ ದ್ವಂದ್ವ ಸಮಾಸದಲ್ಲೇ ಇದನ್ನು ವಿಧಿಸುತ್ತೆ. ತಲ್ಲಿ, ತಂಡ್ರಿ ಸೇರಿ ತಲ್ಲಿದಂಡ್ರುಲು. ಕೂರ, ಕಾಯಲು ಸೇರಿ ಕೂರಗಾಯಲು. ಅನ್ನ, ತಮ್ಮುಡು ಸೇರಿ ಅನ್ನದಮ್ಮುಲು. ಕನ್ನಡ ಇವತ್ತಿನ ಮಾತಿನಲ್ಲಿ ದ್ವಂದ್ವವನ್ನು ಮುಟ್ಟೋದೇ ಅಪರೂಪ. ತಂದೆತಾಯಿ, ಅಕ್ಕತಂಗಿ, ಅಣ್ಣತಮ್ಮ, ಹಣ್ಣುಕಾಯಿ, ಕೆರೆಕಟ್ಟೆ, ಊರುಕೇರಿ. ಯಾರೂ ತಂದೆದಾಯಿ ಅನ್ನಲ್ಲ. ಕಾಲು ಅನ್ನೋ ಒಂದೇ ಪದ ಇಟ್ಕೊಂಡು ನೋಡಿ. ತುದಿಗಾಲು, ಬರಿಗಾಲು, ಮುಂಗಾಲು, ಹಿಂಗಾಲು. ಇವೆಲ್ಲದರಲ್ಲೂ ಮೊದಲ ಪದ ಎರಡನೆಯದಕ್ಕೆ ವಿಶೇಷಣದ ಹಾಗಿದೆ, ಎಂಥ ಕಾಲು ಅಂತ ಹೇಳುತ್ತೆ. ಅಲ್ಲೆಲ್ಲ ಗ. 'ಕೈಕಾಲು' ಅಂದಾಗ ಮಾತ್ರ ಕೈಯೂ ಇದೆ, ಕಾಲೂ ಇದೆ, ಯಾರೂ ಯಾರಿಗೂ ಅಧೀನರಲ್ಲ. ಅಲ್ಲಿ ಕ ಹಾಗೇ ಉಳಿಯಿತು.

ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಜಪಾನಿ ಭಾಷೆಯ ರೆಂದಾಕು ನೆನಪಿಸಬೇಕು. 'ಯಮಗವ' ಅಂದರೆ ಬೆಟ್ಟದ ಹೊಳೆ, 'ಯಮಕವ' ಅಂದರೆ ಬೆಟ್ಟವೂ ಹೊಳೆಯೂ. ಈ ವಿಷಯದಲ್ಲಿ ಕನ್ನಡ ತನ್ನ ಪಕ್ಕದ ಮನೆಯ ತೆಲುಗಿಗಿಂತ ಜಪಾನಿಗೆ ಹತ್ತಿರ! ಸಂಬಂಧದಿಂದ ಅಲ್ಲ, ಇಬ್ಬರೂ ಒಂದೇ ತರ್ಕ ಹಿಡಿದದ್ದರಿಂದ. ಗ, ದ, ಬ ಬಂದರೆ ಎರಡು ಪದಗಳಲ್ಲಿ ಒಂದು ಇನ್ನೊಂದರ ಅಧೀನ ಅನ್ನೋದು ಕನ್ನಡದ ಲೆಕ್ಕ. ಎರಡೂ ಸೇರಿ ಒಂದಾದವು, ಅಷ್ಟು ಸಾಕು ಅನ್ನೋದು ತೆಲುಗಿನ ಲೆಕ್ಕ. ಹಾಗೆ ನೋಡಿದರೆ ನನ್ನ 'ಅನ್ನತಮ್ಮುಲು' ತೆಲುಗು ಪದಗಳ ಮೇಲೆ ಕನ್ನಡದ ನಿಯಮ, 'ಅಣ್ಣದಮ್ಮರು' ಕನ್ನಡ ಪದಗಳ ಮೇಲೆ ತೆಲುಗಿನ ನಿಯಮ. ಎರಡೂ ಸಲ ನಿಯಮ ಪಾಲಿಸಿದ್ದೆ, ಗಡಿ ಮಾತ್ರ ತಪ್ಪಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ದ್ವಂದ್ವ ಅಲ್ಲದ ಕಡೆಯೆಲ್ಲ ಕನ್ನಡದಲ್ಲಿ ಗ, ದ, ಬ ಬರುತ್ತೆ ಅಂತ ತಿಳ್ಕೋಬೇಡಿ. ಹೂದೋಟ ಇದೆ, ಆದರೆ ಕೈತೋಟ. ತುದಿಗಾಲು ಇದೆ, ಆದರೆ ಮೊಣಕಾಲು. ಮಲತಾಯಿ, ಬದನೆಕಾಯಿ ಹಾಗೇ ಇವೆ. ಹೊಸದಾಗಿ ಹುಟ್ಟುವ ಸಮಾಸದಲ್ಲಂತೂ ಇದು ನಿಂತೇ ಹೋಗಿದೆ. ಕರೆಂಟ್ ಕಂಬವನ್ನು ಕರೆಂಟ್ ಗಂಬ ಅಂದವರನ್ನು ನಾನು ಕಂಡಿಲ್ಲ. ಅಂದರೆ ಇದು ಹಳೇ ನಾಣ್ಯ. ಚಲಾವಣೆಯಲ್ಲಿದೆ, ಆದರೆ ಟಂಕಸಾಲೆ ಮುಚ್ಚಿದೆ.

ಹಾಗಾದ್ರೆ ಇವತ್ತೂ ಕೆಲಸ ಮಾಡ್ತಿರೋ ಗುರುತು ಯಾವುದು? ನನ್ನ ಪ್ರಕಾರ ಅದು ಮಾತಿನಲ್ಲಿ ಸ್ವರ ಬಿದ್ದುಹೋಗೋದು. ಒತ್ತು ಇಲ್ಲ ಅಂತ ಹೇಳ್ತೀವಲ್ಲ, ಅದು ಅಡಗಿ ಕೂತಿರೋದು ಇಲ್ಲೇ. ಭಾರ ಇರೋ ಸ್ವರ ಉಳಿಯುತ್ತೆ, ಇಲ್ಲದ್ದು ಉದುರುತ್ತೆ. ನಮ್ಮ ಬೀದರ್ ಕಡೆ ಮಾತು ಇದಕ್ಕೆ ಒಳ್ಳೇ ಪ್ರಯೋಗಶಾಲೆ, ಯಾಕಂದ್ರೆ ನಾವು ಉದುರಿಸೋದರಲ್ಲಿ ಧಾರಾಳಿಗಳು. 'ಮಾಡಲಿಕ್ಕೆ ಹತ್ತಿದ್ದಾನೆ' ಅನ್ನೋದರಲ್ಲಿ ಎಂಟು ಉಚ್ಚಾರಾಂಶ. ನಮ್ಮಲ್ಲಿ 'ಮಾಡ್ಲತ್ತಾನ', ಮಾಡ್, ಲತ್, ತಾ, ನ. ನಾಲ್ಕೇ. ಎಷ್ಟೇ ಉದುರಿದರೂ ಪದದ ಮೊದಲ ಸ್ವರ ಬೀಳಲ್ಲ. ಮೊದಲ ಬಲಿ ಸಾಮಾನ್ಯವಾಗಿ ಎರಡನೇ ಉಚ್ಚಾರಾಂಶದ ಹ್ರಸ್ವಸ್ವರ. ಕೆಲಸ, ಕೆಲ್ಸ. ಬಿಸಿಲು, ಬಿಸ್ಲು. ಮೊಗುಡಂಪಲ್ಲಿಯನ್ನು ಇಲ್ಲಿ ಮೊಗ್ಡಂಪಲ್ಲಿ ಅಂತಲೇ ಅನ್ನೋದು.

ಈಗ ಒಂದು ಪರೀಕ್ಷೆ. 'ಮಾಡಿಸಿದ', 'ಕೈಕೆಲಸ'. ಛಂದಸ್ಸಿನ ಲೆಕ್ಕದಲ್ಲಿ ಎರಡೂ ಒಂದೇ ಅಚ್ಚು: ಒಂದು ಗುರು, ಮೂರು ಲಘು. ಬೇಗ ಬೇಗ ಹೇಳಿ. ದಯವಿಟ್ಟು ಮೈಕ್ ಆಫ್ ಮಾಡಿಕೊಂಡು ಹೇಳಿ... ಮೊದಲನೆಯದು 'ಮಾಡ್ಸಿದ', ಎರಡನೇ ಸ್ವರ ಬಿತ್ತು. ಎರಡನೆಯದು? 'ಕೈಕೆಲ್ಸ'. ಬಿದ್ದದ್ದು ಮೂರನೆಯದು! 'ಕೈಕ್ಲಸ' ಅಂತ ನಾಲಿಗೆ ಹೊರಳಲ್ಲ. 'ಹೂಬಿಸಿಲು' ಕೂಡ ಹಾಗೇ, ಹೂಬಿಸ್ಲು ಆಗುತ್ತೆ, ಹೂಬ್ಸಿಲು ಆಗಲ್ಲ. 'ಕೈಬರಹ' ಕೈಬರ್ಹ ಆಗುತ್ತೆ. ಅಚ್ಚು ಒಂದೇ ಇದ್ದರೂ ಬೇರೆ ಬೇರೆ ಕಡೆ ಮುರಿಯುತ್ತೆ ಅಂದ್ರೆ ಕಾರಣ ಒಂದೇ: ಸಮಾಸದ ಎರಡನೇ ಪದದ ಮೊದಲ ಸ್ವರಕ್ಕೆ ತನ್ನದೇ ಭಾರ ಇದೆ. ಪದಗಳು ಒಂದಾದ ಮೇಲೂ ಅದು ತನ್ನ ಹಕ್ಕು ಬಿಟ್ಟಿಲ್ಲ. ನಾರ್ವೇಜಿಯನ್ನಿನಲ್ಲಿ 'ಲೋರ್' ಮೇಲೆ ಉಳಿಯುವ ಎರಡನೇ ದರ್ಜೆ ಒತ್ತಿಗೆ ಕನ್ನಡದಲ್ಲಿ ಸಮನಾದದ್ದು ಇದು ಅಂತ ನನ್ನ ವಾದ. ಅದು ಕೇಳಿಸೋದಿಲ್ಲ, ಯಾವುದು ಉಳೀತು ಅನ್ನೋದರಿಂದ ಕಾಣಿಸುತ್ತೆ.

ಹೆಸರುಗಳಲ್ಲೂ ನೋಡಬಹುದು. ಹೊಸಮನಿ ಅನ್ನೋ ಅಡ್ಡಹೆಸರನ್ನು ಹೊಸ್ಮನಿ ಅಂತ, ದೊಡ್ಡಮನಿಯನ್ನು ದೊಡ್ಮನಿ ಅಂತ ಬರೆಯೋರೂ ಇದ್ದಾರೆ. ಎರಡರಲ್ಲೂ ಉದುರಿದ್ದು ಮೊದಲ ಪದದ ಬಾಲ, 'ಮನಿ'ಯ ತಲೆ ಅಲ್ಲ. ಇವು ಅಷ್ಟು ಗಟ್ಟಿ ಸಾಕ್ಷ್ಯ ಅಲ್ಲ ಅಂತ ನಾನೇ ಒಪ್ಕೊಳ್ತೇನೆ, ಯಾಕಂದ್ರೆ ಎರಡನೇ ಸ್ವರ ಹೇಗೂ ಬೀಳೋ ಜಾಗ ಅದು. ಕೈಕೆಲಸದಂಥ ಪದಗಳೇ ನಿಜವಾದ ಪರೀಕ್ಷೆ.

ಇದರಿಂದ ಆಗಬೇಕಾದ್ದೇನು ಅಂತ ಮಾರ್ಗದರ್ಶಕರು ಮೊದಲೇ ಕೇಳಿದ್ದರು. ಹೇಳ್ತೇನೆ. ಮಕ್ಕಳ ಓದನ್ನು ಜೋರಾಗಿ ಓದಿಸಿ ಅಳೆಯುವ ಪದ್ಧತಿ ಈಗ ಎಲ್ಲಾ ಕಡೆ ಇದೆ. ಪುಸ್ತಕದಲ್ಲಿ 'ಕೆಲಸ' ಇದ್ದು ಮಗು 'ಕೆಲ್ಸ' ಅಂದರೆ ತಪ್ಪು ಅಂತ ಗುರುತು ಹಾಕಿದ ಹಾಳೆಯನ್ನು ನಮ್ಮ ಮನೆಯ ಮಗುವಿನ ಚೀಲದಲ್ಲೇ ನೋಡಿದೆ. ಆ ಮಗು 'ಕೈಕೆಲಸ'ವನ್ನು 'ಕೈಕೆಲ್ಸ' ಅಂತ ಓದಿತ್ತು. ಅಂದರೆ ಅದಕ್ಕೆ ಪದ ಒಡೆಯೋದು ಎಲ್ಲಿ ಅಂತ ಗೊತ್ತಿತ್ತು, ಅರ್ಥ ಆಗಿತ್ತು. ಅಕ್ಷರ ಅಕ್ಷರ ಬಿಡಿಸಿ ಕೈ, ಕೆ, ಲ, ಸ ಅಂತ ಒಂದೇ ಸಮನೆ ಓದಿದ ಮಗುವಿಗೆ ಪೂರ್ತಿ ಅಂಕ ಸಿಗುತ್ತೆ, ಅದಕ್ಕೆ ಅರ್ಥ ಆಗಿದೆಯೋ ಇಲ್ಲವೋ ಯಾರಿಗೂ ತಿಳಿಯಲ್ಲ. ಗಡಿಯ ಈಚೆ ಕನ್ನಡ ಓದಲು ಬರುವ ಮಕ್ಕಳೇ ಕಮ್ಮಿ. ಇರೋ ಮಕ್ಕಳಿಗೂ ಓದು ಬರಲ್ಲ ಅಂತ ಷರಾ ಬರೆದು ಕಳಿಸಿದರೆ ತಾಯಿತಂದೆ ಮುಂದಿನ ವರ್ಷ ಬೇರೆ ಮಾಧ್ಯಮ ನೋಡ್ತಾರೆ. ಹಾಳೆಯಲ್ಲಿ ಇನ್ನೊಂದು ಕಾಲಂ ಬೇಕು: ಸ್ವರ ಬಿದ್ದದ್ದು ಆಡುಮಾತಿನ ನಿಯಮದ ಪ್ರಕಾರವೋ, ಪದ ಗೊತ್ತಿಲ್ಲದೆಯೋ. ಮೇಷ್ಟ್ರಿಗೆ ಅದನ್ನು ಗುರುತಿಸೋದು ಕಷ್ಟವಲ್ಲ, ಅವರೂ ಸ್ಟಾಫ್ ರೂಮಿನಲ್ಲಿ ಹಾಗೇ ಮಾತಾಡೋದು.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿದಿದೆ. ಚಾಟ್‌ನಲ್ಲಿ ಒಬ್ಬರು ಒಂದೇ ಪದ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ: 'ಗಿಡಗಂಟಿ'. ಸರಿಯಾಗಿ ಹಿಡಿದ್ರಿ. ಕಂಟಿ ಅಂದ್ರೆ ಪೊದೆ, ಮುಳ್ಳಿನ ಗಿಡ. ನಮ್ಮ ಹೊಲದ ಬದುವಿನಲ್ಲಿ ಈಗಲೂ ಕಂಟಿ ಕಡೀತಾರೆ. ಗಿಡವೂ ಕಂಟಿಯೂ ಅಂದ್ರೆ ದ್ವಂದ್ವ, ನನ್ನ ಮಾತಿನ ಪ್ರಕಾರ ಗಿಡಕಂಟಿ ಆಗಬೇಕಿತ್ತು. ಇದನ್ನು ಸಮರ್ಥಿಸಿಕೊಳ್ಳಲು ಒಂದು ದಾರಿ ಇದೆ: ಗಿಡಗಂಟಿ ಅಂದಾಗ ಯಾರೂ ಎರಡು ವಸ್ತು ನೆನೆಯಲ್ಲ, ಬೆಳೆದು ನಿಂತ ಕುರುಚಲು ಅನ್ನೋ ಒಂದೇ ಚಿತ್ರ ಬರುತ್ತೆ. ಅಧೀನ ಅನ್ನೋಕ್ಕಿಂತ ಕರಗಿಹೋಗಿದೆ ಅನ್ನಬಹುದು. ಆದರೆ 'ಹಣಕಾಸು' ಕೂಡ ಹಾಗೇ ಕರಗಿದ ಪದ, ಅಲ್ಲಿ ಕ ಉಳಿದಿದೆಯಲ್ಲ ಅಂತ ನೀವು ಮುಂದಿನ ಸಾಲು ಟೈಪ್ ಮಾಡ್ತಿರೋದು ನನಗೆ ಕಾಣಿಸ್ತಿದೆ. ಒಪ್ಪಿದೆ. 'ಅಪರೂಪ' ಅಂದೆನಲ್ಲ, 'ಇಲ್ಲವೇ ಇಲ್ಲ' ಅನ್ನಲಿಲ್ಲ, ಅಷ್ಟಕ್ಕೆ ಬಚಾವು. ಇಂಥ ಇನ್ನೆರಡು ಮೂರು ಪದ ನಿಮ್ಮ ಊರಿನ ಮಾತಿನಲ್ಲಿ ಸಿಕ್ಕರೆ ಕಳಿಸಿ, ಅವು ಸಸ್ಯಗಳ ಹೆಸರೋ, ನೆಂಟರ ಹೆಸರ ಅಂತಲೂ ಬರೀರಿ.